ಮೇಷ್ಟ್ರಿಗೂ ಒಬ್ಬ ಜೊತೆಗಾರ ಬೇಕು

ಒಬ್ಬ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ಇನ್ನೊಬ್ಬ ಮೇಷ್ಟ್ರ ಪಾಠ ಕೇಳಿದ್ದನ್ನು ಯಾರಾದರೂ ಕಂಡಿದ್ದೀರಾ? ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಚಪ್ಪರದಲ್ಲಿ ಒಬ್ಬ ವಿದ್ವಾಂಸರು ಹಾಡುತ್ತಿರುವಾಗ ಮುಂದಿನ ಸಾಲಿನಲ್ಲಿ ಇನ್ನಿಬ್ಬರು ವಿದ್ವಾಂಸರು ಕೂತು ತಲೆದೂಗುತ್ತಿರುತ್ತಾರೆ. ಮನೆಗೆ ಹೋಗುವಾಗ ಶ್ರುತಿ ಎಲ್ಲಿ ಜಾರಿತು ಎಂಬುದನ್ನೂ ಆಡಿಕೊಳ್ಳುತ್ತಾರೆ. ಕಿರಿಯ ವಕೀಲ ಹಿರಿಯರ ವಾದ ಕೇಳಲೆಂದೇ ಕೋರ್ಟ್ ಹಾಲಿನ ಗೋಡೆಗೊರಗಿ ನಿಲ್ಲುತ್ತಾನೆ. ಮದುವೆಮನೆಯ ಅಡುಗೆಭಟ್ಟರು ಕೂಡ ಇನ್ನೊಬ್ಬರು ಮಾಡಿದ ಹುಳಿಯನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡದೆ ಬಿಡುವುದಿಲ್ಲ. ಮೇಷ್ಟ್ರ ಕಸುಬು ಮಾತ್ರ ವಿಚಿತ್ರ. ತರಗತಿಯ ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆದದ್ದು ಮಕ್ಕಳಿಗೆ ಗೊತ್ತು, ದೇವರಿಗೆ ಗೊತ್ತು. ಬೇರೆ ದೊಡ್ಡವರು ಒಳಗೆ ಕಾಲಿಟ್ಟರೆ ಅದು ತನಿಖೆಯೇ ಸರಿ.

ಈ ಒಂಟಿತನ ಗಣಿತ, ವಿಜ್ಞಾನದ ಮೇಷ್ಟ್ರುಗಳಿಗೆ ತುಸು ಹೆಚ್ಚು. ಸರ್ಕಾರಿ ಪ್ರೌಢಶಾಲೆಯ ಹುದ್ದೆಗಳ ಲೆಕ್ಕವೇ ಹಾಗಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಂದವರು 'ಪಿ.ಸಿ.ಎಂ. ಮೇಷ್ಟ್ರು'; ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿ ಬಂದವರು 'ಸಿ.ಬಿ.ಝಡ್. ಮೇಡಂ'. ಸಣ್ಣ ಶಾಲೆಯಾದರೆ ಒಂದೊಂದಕ್ಕೆ ಒಬ್ಬೊಬ್ಬರು. ಎಂಟನೆಯ ತರಗತಿಯ ಹುಡುಗ ಬೀಜಗಣಿತದಲ್ಲಿ ಯಾಕೆ ಮುಗ್ಗರಿಸುತ್ತಿದ್ದಾನೆ ಎಂದು ಪಿ.ಸಿ.ಎಂ. ಮೇಷ್ಟ್ರು ಯಾರನ್ನು ಕೇಳಬೇಕು? ಸ್ಟಾಫ್ ರೂಮಿನಲ್ಲಿ ಕನ್ನಡ ಪಂಡಿತರಿದ್ದಾರೆ, ಹಿಂದಿ ಮೇಡಂ ಇದ್ದಾರೆ, ಡ್ರಿಲ್ ಮೇಷ್ಟ್ರಿದ್ದಾರೆ. ಎಲ್ಲರೂ ಒಳ್ಳೆಯವರೇ. ಆದರೆ ಎಲ್ಲರೂ ಸೇರಿ ಆಡಬಹುದಾದ ಮಾತೆಂದರೆ ತುಟ್ಟಿಭತ್ಯೆ, ವರ್ಗಾವಣೆ ಮತ್ತು ಬಿಸಿಯೂಟದ ಲೆಕ್ಕ.

ಕೆಂಗೇರಿಯನ್ನೇ ನೋಡಿ. ಒಂದು ಕಾಲಕ್ಕೆ ಮೈಸೂರು ರಸ್ತೆಯ ಮೇಲಿನ ಬೇರೆಯೇ ಊರು. ಪಕ್ಕದಲ್ಲಿ ಉಪನಗರ ಹುಟ್ಟಿತು. 2007ರಲ್ಲಿ ಪುರಸಭೆ ಹೋಗಿ ಊರು ಬೆಂಗಳೂರು ಮಹಾನಗರದೊಳಗೆ ಸೇರಿತು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಬಂತು. ಊರು ಬೆಳೆದಂತೆ ಶಾಲೆಗಳೂ ಬೆಳೆದವು. ಸರ್ಕಾರಿ, ಅನುದಾನಿತ, ಖಾಸಗಿ. ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮ. ರಾಜ್ಯದ ಪಠ್ಯ, ಕೇಂದ್ರದ ಪಠ್ಯ. ಬಸ್ ನಿಲ್ದಾಣದಿಂದ ಯಾವ ದಿಕ್ಕಿಗೆ ನಡೆದರೂ ಒಂದು ಬೋರ್ಡು ಕಾಣುತ್ತದೆ. ಒಂದೇ ವಾರದಲ್ಲಿ ಒಂದೇ ಪಾಠವನ್ನು ಎಷ್ಟೋ ಮಂದಿ ಮೇಷ್ಟ್ರುಗಳು ಕೂಗಳತೆಯ ದೂರದಲ್ಲಿ ಮಾಡುತ್ತಿರುತ್ತಾರೆ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು. ಇವರು ಒಂದೆಡೆ ಸೇರುವುದೆಂದರೆ ಎಸ್.ಎಸ್.ಎಲ್.ಸಿ. ಮೌಲ್ಯಮಾಪನ ಕೇಂದ್ರದಲ್ಲಿ, ಇಲ್ಲವೆ ಚುನಾವಣೆ ಕೆಲಸದ ತರಬೇತಿಯಲ್ಲಿ. ಮೊದಲನೆಯ ಕಡೆ ಮಾತಾಡಲು ಪುರಸೊತ್ತಿಲ್ಲ, ಎರಡನೆಯ ಕಡೆ ಮಾತಾಡಬೇಕಾದದ್ದು ಮತಯಂತ್ರದ ಬಗ್ಗೆ.

ತರಬೇತಿಗೆ ಈ ರಸ್ತೆಯಲ್ಲಿ ಬರವೇನೂ ಇಲ್ಲ. ಕೆಂಗೇರಿಗೆ ಸಮೀಪದ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಇಂಗ್ಲಿಷ್ ಕಲಿಸುವವರಿಗೆ ಕಲಿಸಲೆಂದೇ 1963ರಲ್ಲಿ ಹುಟ್ಟಿದ್ದು. ಅದೇ ವರ್ಷ ರಸ್ತೆಯ ಇನ್ನೊಂದು ತುದಿಯಲ್ಲಿ, ಮೈಸೂರಿನಲ್ಲಿ, ಪ್ರಾದೇಶಿಕ ಶಿಕ್ಷಣ ಕಾಲೇಜು ಆರಂಭವಾಯಿತು. ವಿಜ್ಞಾನವನ್ನೂ ಶಿಕ್ಷಣಶಾಸ್ತ್ರವನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಸಿ ಮೇಷ್ಟ್ರುಗಳನ್ನು ತಯಾರು ಮಾಡುವ ಪ್ರಯೋಗ ಅಲ್ಲಿ ನಡೆಯಿತು. ಬೆಂಗಳೂರಿನಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಜಿಲ್ಲೆಗೊಂದು ಡಯಟ್, ತಾಲ್ಲೂಕಿಗೊಂದು ಬಿ.ಆರ್.ಸಿ. ಇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿಕಲಿಕೆ ಇರಬೇಕೆಂದು ಹೇಳಿದೆ.

ಹಾಗಿದ್ದರೆ ಕೊರತೆ ಯಾವುದರದು? ನಡೆಯುವ ಬಗೆಯನ್ನು ನೋಡಿದರೆ ತಿಳಿದೀತು. ಮೇಲೆ ಒಬ್ಬರು ಹೇಳಿದ್ದನ್ನು ಕೆಲವರು ಕೇಳಿ ಬರುತ್ತಾರೆ. ಅವರು ಹೇಳಿದ್ದನ್ನು ಜಿಲ್ಲೆಯಲ್ಲಿ ಇನ್ನಷ್ಟು ಮಂದಿ ಕೇಳುತ್ತಾರೆ. ಅವರು ತಾಲ್ಲೂಕಿಗೆ ಬಂದು ಉಳಿದವರಿಗೆ ಹೇಳುತ್ತಾರೆ. ದೊಡ್ಡ ಹಂಡೆಯಿಂದ ಕೊಡಕ್ಕೆ, ಕೊಡದಿಂದ ತಂಬಿಗೆಗೆ, ತಂಬಿಗೆಯಿಂದ ಲೋಟಕ್ಕೆ ಸುರಿದಂತೆ. ದಾರಿಯಲ್ಲಿ ಚೆಲ್ಲಿದ್ದೆಷ್ಟು ಎಂದು ಯಾರೂ ಅಳೆಯುವುದಿಲ್ಲ. ಕೊನೆಯಲ್ಲಿ ಓ.ಓ.ಡಿ. ಪತ್ರ, ಹಾಜರಾತಿ ಪ್ರಮಾಣಪತ್ರ ಕೈಗೆ ಬಂದರೆ ಎಲ್ಲರಿಗೂ ಸಮಾಧಾನ. ಫೋನಿನಲ್ಲೇ ಮುಗಿಸುವ ಪಾಠಗಳು ಬಂದ ಮೇಲೆ ಚೆಲ್ಲುವುದು ಕಡಿಮೆಯಾಗಿರಬಹುದು. ಆದರೆ ಪರದೆಯ ಮುಂದೆ ಕೂತವರು ಮತ್ತೆ ಒಬ್ಬರೇ. ಗಂಟೆಗಳು ಲೆಕ್ಕಕ್ಕೆ ಸಿಗುತ್ತವೆ, ಜೊತೆಗಾರ ಸಿಗುವುದಿಲ್ಲ.

ಜೊತೆಗಾರ ಏಕೆ ಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಎಂದರೆ ಬಹಳ ಮಕ್ಕಳು ಐದನೇ ಎರಡು ಎಂದು ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಕೆಂಪು ಇಂಕಿನಲ್ಲಿ ಒಂದು ಗೀಟು ಎಳೆದು, 'ಲ.ಸಾ.ಅ. ಕಂಡುಹಿಡಿ' ಎಂದು ಬರೆದು ಮುಂದೆ ಹೋಗುವುದು ವಾಡಿಕೆ. ನಿಯಮವೇನೋ ಹಳೆಯದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯ ಛೇದಗಳ ಲ.ಸಾ.ಅ.ವನ್ನು 'ನಿರುದ್ಧ' ಎಂದು ಕರೆದು ಭಿನ್ನರಾಶಿ ಕೂಡುವ ಕ್ರಮವನ್ನು ಹೇಳಿದ್ದಾನೆ. ನಿಯಮಕ್ಕೆ ಸಾವಿರ ವರ್ಷ ದಾಟಿತು, ತಪ್ಪು ಮಾತ್ರ ಪ್ರತಿ ಜೂನ್ ತಿಂಗಳಲ್ಲಿ ಹೊಸದಾಗಿ ಹುಟ್ಟುತ್ತದೆ.

ಈಗ ಇಬ್ಬರು ಗಣಿತದ ಮೇಷ್ಟ್ರು ಆ ಉತ್ತರಪತ್ರಿಕೆಯನ್ನು ನಡುವೆ ಇಟ್ಟುಕೊಂಡು ಕೂತರೆಂದು ಇಟ್ಟುಕೊಳ್ಳಿ. ಒಬ್ಬರು, ಅರ್ಧ ದೋಸೆಗೆ ಇನ್ನೊಂದು ತುಂಡು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ ಎಂದು ಮಗುವನ್ನೇ ಕೇಳಬಹುದಲ್ಲ ಎನ್ನುತ್ತಾರೆ. ಐದನೇ ಎರಡು ಅರ್ಧಕ್ಕಿಂತ ಚಿಕ್ಕದು ತಾನೆ? ಇನ್ನೊಬ್ಬರಿಗೆ ಬೇರೆ ಏನೋ ಹೊಳೆಯುತ್ತದೆ. ಹುಡುಗ ಕ್ರಿಕೆಟ್ ಆಡುವವನು. ಮೊದಲ ಆಟದಲ್ಲಿ ಎರಡು ಚೆಂಡಿಗೆ ಒಂದು ಹೊಡೆದ, ಎರಡನೆಯದರಲ್ಲಿ ಮೂರು ಚೆಂಡಿಗೆ ಒಂದು ಹೊಡೆದ. ಒಟ್ಟು ಐದು ಚೆಂಡಿಗೆ ಎರಡು. ಅಲ್ಲಿ ಅವನ ಲೆಕ್ಕ ಸರಿಯೇ! ಅಂದರೆ ಮಗು ದಡ್ಡತನದಿಂದ ತಪ್ಪಿದ್ದಲ್ಲ. ಒಂದು ಕಡೆ ಸಲ್ಲುವ ಕ್ರಮವನ್ನು ಸಲ್ಲದ ಕಡೆಗೆ ತಂದಿದೆ. ಒಂದೇ ದೋಸೆಯ ಭಾಗಗಳನ್ನು ಕೂಡುವುದು ಬೇರೆ, ಎರಡು ಆಟಗಳ ಲೆಕ್ಕವನ್ನು ಒಂದು ರಾಶಿಗೆ ಹಾಕುವುದು ಬೇರೆ. ಇದನ್ನು ಕಂಡ ಮೇಲೆ ಮೇಷ್ಟ್ರು ಮಗುವಿನ ಜೊತೆ ಆಡುವ ಮಾತೇ ಬದಲಾಗುತ್ತದೆ. ಕೆಂಪು ಗೀಟು ಎಳೆಯುವ ಕೈ ಸ್ವಲ್ಪ ಹೊತ್ತು ತಡೆಯುತ್ತದೆ.

ಇದು ಅಲ್ಪ ಸಂಗತಿಯಲ್ಲ. ಐದು, ಆರನೆಯ ತರಗತಿಯಲ್ಲಿ ಭಿನ್ನರಾಶಿ ದಕ್ಕದ ಮಗುವಿಗೆ ಎಂಟರಲ್ಲಿ ಬೀಜಗಣಿತ ದಕ್ಕುವುದಿಲ್ಲ, ಒಂಬತ್ತರಲ್ಲಿ ಭೌತಶಾಸ್ತ್ರದ ಸೂತ್ರ ದಕ್ಕುವುದಿಲ್ಲ. ಅಷ್ಟರಲ್ಲಿ ಅದು ತನ್ನ ಬಗ್ಗೆ ತಾನೇ ತೀರ್ಪು ಕೊಟ್ಟುಕೊಂಡಿರುತ್ತದೆ: 'ನನಗೆ ಮ್ಯಾತ್ಸ್ ಬರೊಲ್ಲ.' ಆ ತೀರ್ಪಿನ ಮೇಲೆ ಅಪೀಲು ಮಾಡುವವರು ಯಾರೂ ಇರುವುದಿಲ್ಲ.

ಲಿಪಿಂಗ್ ಮಾ ಎಂಬ ಚೀನೀ ಮೂಲದ ವಿದುಷಿ 1999ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಈ ವಿಷಯದಲ್ಲಿ ಕಣ್ಣು ತೆರೆಸುವಂಥದು. ಅವರು ಅಮೆರಿಕದ 23, ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಇಟ್ಟ ಪ್ರಶ್ನೆಗಳಲ್ಲಿ ಇದೂ ಒಂದು: ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಆ ಭಾಗಾಕಾರಕ್ಕೆ ಒಂದು ಕಥೆ ಹೇಳಿ. ಒಂದೂಮುಕ್ಕಾಲು ಲೀಟರ್ ಎಣ್ಣೆಯನ್ನು ಅರ್ಧ ಲೀಟರಿನ ಸೀಸೆಗಳಿಗೆ ತುಂಬಿದರೆ ಮೂರೂವರೆ ಸೀಸೆ, ಇಂಥದ್ದು. ಅಮೆರಿಕನ್ನರಲ್ಲಿ ಅರ್ಥಕ್ಕೆ ಸರಿಹೊಂದುವ ಕಥೆ ಕಟ್ಟಿದವರು ಒಬ್ಬರೇ. ಎಷ್ಟೋ ಮಂದಿ ಇಬ್ಬರಿಗೆ ಹಂಚುವ ಕಥೆ ಹೇಳಿದರು. ಅದು ಎರಡರಿಂದ ಭಾಗಿಸಿದಂತಾಯಿತೇ ಹೊರತು ಅರ್ಧದಿಂದಲ್ಲ. ಚೀನೀ ಶಿಕ್ಷಕರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮಂದಿ ಸರಿಯಾಗಿ ಹೇಳಿದರು. ಸೋಜಿಗವೆಂದರೆ, ಅಮೆರಿಕದವರು ಪದವೀಧರರು. ಚೀನಾದವರಲ್ಲಿ ಬಹುಪಾಲು ಒಂಬತ್ತನೆಯ ತರಗತಿಯ ಮೇಲೆ ಎರಡು ಮೂರು ವರ್ಷದ ಶಿಕ್ಷಕರ ಶಾಲೆ ಮುಗಿಸಿದವರು. ಪದವಿ ಕಡಿಮೆ, ತಿಳಿವು ಹೆಚ್ಚು. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು ಬಹು ಸರಳ: ಅಲ್ಲಿ ಒಂದೇ ವಿಷಯದ ಶಿಕ್ಷಕರು ಒಟ್ಟಿಗೆ ಕೂತು ಪಠ್ಯಪುಸ್ತಕವನ್ನು ಓದುತ್ತಾರೆ, ಹೇಗೆ ಕಲಿಸಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಜಪಾನಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ. ನಾಲ್ಕಾರು ಮೇಷ್ಟ್ರು ಸೇರಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಯೋಚಿಸಿ ಸಿದ್ಧಪಡಿಸುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಗೋಡೆಬದಿಯಲ್ಲಿ ನಿಂತು ನೋಡುತ್ತಾರೆ. ಅವರ ಕಣ್ಣು ಇರುವುದು ಮಕ್ಕಳ ಮೇಲೆ: ಯಾರು ಎಲ್ಲಿ ತಡವರಿಸಿದರು, ಯಾವ ಪ್ರಶ್ನೆಗೆ ಮುಖ ಅರಳಿತು. ಸಂಜೆ ಮಾತುಕತೆ, ತಿದ್ದುಪಡಿ. ಪಾಠ ಕೆಟ್ಟರೆ ಅದು ಎಲ್ಲರೂ ಸೇರಿ ಮಾಡಿದ ಪಾಠ. ಆದ್ದರಿಂದ ಮರ್ಯಾದೆ ಯಾರದೂ ಹೋಗುವುದಿಲ್ಲ.

'ಅದೆಲ್ಲ ಜಪಾನಿನವರಿಗೆ' ಎಂದು ಕೈ ಕೊಡವುವ ಹಾಗಿಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಹಳ್ಳಿಶಾಲೆಗಳಲ್ಲಿ ಶುರುವಾದ ವಿಜ್ಞಾನ ಬೋಧನೆಯ ಪ್ರಯೋಗ ಮೂವತ್ತು ವರ್ಷ ನಡೆಯಿತು. ಮಕ್ಕಳೇ ಪ್ರಯೋಗ ಮಾಡಿ ಕಲಿಯಬೇಕು ಎಂಬುದು ಅದರ ಹೊರಮೈ. ಒಳಗಿನ ಬಲವಿದ್ದದ್ದು ಶಿಕ್ಷಕರ ಮಾಸಿಕ ಗೋಷ್ಠಿಯಲ್ಲಿ. ತಿಂಗಳಿಗೊಮ್ಮೆ ಸೇರಿ, ಯಾವ ಪ್ರಯೋಗ ಕೈಕೊಟ್ಟಿತು, ಮಗು ಕೇಳಿದ ಯಾವ ಪ್ರಶ್ನೆಗೆ ಉತ್ತರ ತಿಳಿಯಲಿಲ್ಲ ಎಂದು ಹೇಳಿಕೊಳ್ಳುವ ಜಾಗ ಅದು. 2002ರಲ್ಲಿ ಸರ್ಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಕಣ್ಣು ಬಿಟ್ಟ 'ನಲಿ-ಕಲಿ'ಯೂ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಋಷಿವ್ಯಾಲಿಗೆ ಹೋಗಿ ನೋಡಿ ಬಂದು, ಒಟ್ಟಿಗೆ ಕೂತು ಕಾರ್ಡುಗಳನ್ನು ಬರೆದದ್ದರಿಂದ ಬೆಳೆದದ್ದು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಕೋಟೆಯ ಮೇಷ್ಟ್ರುಗಳಿಗೆ ಅದು ತಾವೇ ಹೆತ್ತ ಕೂಸು. ದೂರದ ಶಾಲೆಯವರಿಗೆ ಆದೇಶದ ಜೊತೆ ಬಂದ ಕಾರ್ಡುಗಳ ಪೆಟ್ಟಿಗೆ. ಕಾರ್ಡು ಅದೇ, ಪ್ರೀತಿ ಅಷ್ಟೇ ಇರಬೇಕೆಂದರೆ ಹೇಗೆ?

ಪ್ರೌಢಶಾಲೆಯ ಗಣಿತ, ವಿಜ್ಞಾನದವರಿಗೆಂದೇ ನಡೆದ ಯತ್ನವೂ ಉಂಟು. 2011ರ ಸುಮಾರಿಗೆ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ಅಡಿಯಲ್ಲಿ, ಡಿ.ಎಸ್.ಇ.ಆರ್.ಟಿ.ಯೂ ಬೆಂಗಳೂರಿನ 'ಐಟಿ ಫಾರ್ ಚೇಂಜ್' ಎಂಬ ಸ್ವಯಂಸೇವಾ ಸಂಸ್ಥೆಯೂ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದವರಿಂದ ಕೆಲಸ ಆರಂಭವಾಯಿತು. ಕಂಪ್ಯೂಟರ್ ಮುಟ್ಟಲು ಹಿಂಜರಿಯುತ್ತಿದ್ದವರು ಜಿಯೋಜೀಬ್ರಾದಲ್ಲಿ ತ್ರಿಭುಜ ಎಳೆಯಲು ಕಲಿತರು. ಒಂದು ಮೂಲೆಯನ್ನು ಹಿಡಿದು ಎಳೆದರೆ ಕೋನಗಳೆಲ್ಲ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಿಂದ ಕದಲುವುದಿಲ್ಲ. 'ನೋಡಿದರೆ ಸಾಕೇ, ಸಾಧಿಸಬೇಡವೇ?' ಎಂಬ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ. ಗಣಿತ ಶುರುವಾಗುವುದೂ ಅಲ್ಲಿಂದಲೇ. ಶಿಕ್ಷಕರೇ ತಯಾರಿಸಿದ ಪಾಠಸಾಮಗ್ರಿಯನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಬೆಳೆಸುವಂತೆ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಹೆಸರಿನಲ್ಲಿ ಕನ್ನಡದಲ್ಲೂ ಕೂಡಿಡಲಾಯಿತು. ಪಠ್ಯ ಬರೆಯುವವರು ಎಲ್ಲೋ ಮೇಲೆ ಇರುತ್ತಾರೆ ಎಂದುಕೊಂಡಿದ್ದವರಿಗೆ, ತಾನೂ ಬರೆಯಬಹುದು ಎಂದು ತಿಳಿದದ್ದೇ ದೊಡ್ಡ ತರಬೇತಿ.

ಇದಕ್ಕೂ ಹಿಂದೆ, 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲವಿಜ್ಞಾನ' ಮಾಸಪತ್ರಿಕೆಯ ಮೂಲಕ ಈ ಕೆಲಸದ ಒಂದು ಪಾಲನ್ನು ಸದ್ದಿಲ್ಲದೆ ಮಾಡಿತ್ತು. ಹೆಸರು ಬಾಲರದು, ಓದಿ, ಮಾರನೆಯ ದಿನ ತರಗತಿಯಲ್ಲಿ ಮಾಡಿ ತೋರಿಸಬಹುದಾದದ್ದು ಮೇಷ್ಟ್ರುಗಳಿಗೂ ಅದರಲ್ಲಿತ್ತು.

ವಿಜ್ಞಾನದಲ್ಲಿ ಜೊತೆಗಾರನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸ್ಟೀಲ್ ಲೋಟಕ್ಕೆ ಫ್ರಿಜ್ಜಿನ ನೀರು ಹಾಕಿಟ್ಟರೆ ಹೊರಮೈಯಲ್ಲಿ ಹನಿ ಕೂರುತ್ತದೆ. 'ಒಳಗಿನ ನೀರು ಜಿನುಗಿದೆ' ಎನ್ನುವ ಮಕ್ಕಳು ಬೇಕಾದಷ್ಟು. ಗಾಳಿಯಲ್ಲಿರುವ ನೀರಾವಿ ತಣಿದು ಹನಿಯಾಗಿದೆ ಎಂದು ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ನಂಬುವುದಿಲ್ಲ. ಇದನ್ನೇ ಮೂವರು ಮೇಷ್ಟ್ರುಗಳು ಕೂಡಿ ಯೋಚಿಸಲಿ. ನೀರಿಗೆ ಇಂಕು ಹಾಕೋಣ, ಹೊರಗಿನ ಹನಿಗೆ ಬಣ್ಣ ಬರುತ್ತದೆಯೇ ನೋಡೋಣ ಎನ್ನುತ್ತಾರೆ ಒಬ್ಬರು. ಲೋಟದ ಬಾಯಿ ಮುಚ್ಚಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗೋಣ, ಜಿನುಗಿದ್ದರೆ ತೂಕ ಹಾಗೇ ಇರಬೇಕು, ಹೊರಗಿನಿಂದ ಬಂದಿದ್ದರೆ ಹೆಚ್ಚಬೇಕು ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರದು ಎಲ್ಲಕ್ಕಿಂತ ಸುಲಭ: ಖಾಲಿ ಲೋಟವನ್ನೇ ಫ್ರೀಜರಿನಲ್ಲಿಟ್ಟು ತೆಗೆಯಿರಿ, ಒಳಗೆ ನೀರೇ ಇಲ್ಲದ ಮೇಲೆ ಜಿನುಗುವುದೆಲ್ಲಿಂದ? ಮಾಡಿ ನೋಡಿದವರು ಒಂದು ಕಿವಿಮಾತನ್ನೂ ಸೇರಿಸುತ್ತಾರೆ. ಬೆಂಗಳೂರಿನ ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಬರೀ ತಣ್ಣೀರು ಕೈಕೊಟ್ಟೀತು, ಮಂಜುಗಡ್ಡೆ ಇಟ್ಟುಕೊಳ್ಳಿ, ಜುಲೈಯಲ್ಲಾದರೆ ಚಿಂತೆಯಿಲ್ಲ. ಇಂಥ ಕಿವಿಮಾತನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ.

ಕೆಂಗೇರಿಯವರಿಗೆ ಲೋಟದ ಆಚೆ ಒಂದು ದೊಡ್ಡ ಪ್ರಯೋಗಶಾಲೆಯೇ ಇದೆ. ಊರ ಪಕ್ಕ ಹರಿಯುವ ವೃಷಭಾವತಿಯನ್ನು ಮಕ್ಕಳು ದಿನಾ ಮೂಗು ಮುಚ್ಚಿಕೊಂಡು ದಾಟುತ್ತಾರೆ. ನಗರದ ಕೊಳೆ ಹೊತ್ತು ಬೈರಮಂಗಲದ ಕೆರೆಯತ್ತ ಸಾಗುವ ಆ ನೀರಿನಲ್ಲಿ ಸೋಪಿನ ಪುಡಿಯ ರಸಾಯನಶಾಸ್ತ್ರವಿದೆ, ಆಮ್ಲಜನಕ ಸಿಗದೆ ಮೀನು ಬದುಕದ ಜೀವಶಾಸ್ತ್ರವಿದೆ. ತೇಲುವ ನೊರೆ ಇಷ್ಟು ದೂರ ಹೋಗಲು ಎಷ್ಟು ಸೆಕೆಂಡು ಎಂದು ದಡದ ಮೇಲಿನಿಂದಲೇ ಅಳೆದರೆ ವೇಗದ ಲೆಕ್ಕ ಸಿಗುತ್ತದೆ. ಆದರೆ ಆಳ ತಿಳಿಯದೆ ಹರಿವು ಎಷ್ಟೆಂದು ಹೇಳಲಾಗದು. ಏನು ಗೊತ್ತಾಗಲಿಲ್ಲ ಎಂದು ಗುರುತಿಸುವುದೂ ಒಂದು ಪಾಠವೇ. ಐವತ್ತು ಮಕ್ಕಳನ್ನು ಕೊಳೆನೀರಿನ ಹತ್ತಿರ ಒಬ್ಬರೇ ಕರೆದೊಯ್ಯುವ ಧೈರ್ಯ ಯಾರಿಗೂ ಬರುವುದಿಲ್ಲ, ಬರಬಾರದು ಕೂಡ. ಪಿ.ಸಿ.ಎಂ. ಮೇಷ್ಟ್ರು, ಸಿ.ಬಿ.ಝಡ್. ಮೇಡಂ, ಪಕ್ಕದ ಶಾಲೆಯ ಇನ್ನೊಬ್ಬರು ಸೇರಿದರೆ ಅದು ಆಗುವ ಮಾತು.

ಆಗದಿರಲು ಕಾರಣಗಳು ಇಲ್ಲದಿಲ್ಲ. ಮೊದಲನೆಯದು ಸಮಯ. ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬುವುದು, ಗಣತಿ, ಚುನಾವಣೆ ಎಲ್ಲ ಮುಗಿದು ಮಿಕ್ಕ ಹೊತ್ತಿನಲ್ಲಿ ಪಾಠ. ಪಾಠ ಮುಗಿದು ಮಿಕ್ಕ ಹೊತ್ತು ಮನೆಗೆ. ಎರಡನೆಯದು ಫಲಿತಾಂಶದ ಪೈಪೋಟಿ. ಶೇಕಡಾವಾರು ಪಟ್ಟಿಯಲ್ಲಿ ಮೇಲೆ ಕೆಳಗೆ ನಿಲ್ಲಿಸಿದ ಶಾಲೆಗಳ ಮೇಷ್ಟ್ರುಗಳು ಗುಟ್ಟು ಹಂಚಿಕೊಳ್ಳುವುದು ಕಷ್ಟ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಅಂಜಿಕೆ. 'ನನಗೆ ಇದು ತಿಳಿಯದು' ಎಂಬ ಮಾತು ಇನ್ನೊಬ್ಬ ಮೇಷ್ಟ್ರ ಎದುರಿಗೆ ಬಾಯಿಗೆ ಬರುವುದಿಲ್ಲ. ಮಕ್ಕಳಿಗೆ ಪ್ರಶ್ನೆ ಕೇಳಿ ಎಂದು ದಿನಾ ಹೇಳುವವರೇ ತಾವು ಕೇಳಲು ಹಿಂದೆ ಮುಂದೆ ನೋಡುತ್ತಾರೆ.

ಮೊದಲಿನ ಎರಡಕ್ಕೆ ಇಲಾಖೆ ಮನಸ್ಸು ಮಾಡಬೇಕು. ತಿಂಗಳಿಗೊಂದು ಮಧ್ಯಾಹ್ನ, ಒಂದೇ ವಿಷಯದ ಅಕ್ಕಪಕ್ಕದ ಶಾಲೆಗಳವರಿಗೆ, ಸರ್ಕಾರಿ ಖಾಸಗಿ ಎಂಬ ಭೇದವಿಲ್ಲದೆ ಬಿಡುವು ಕೊಟ್ಟು, ಆ ಹೊತ್ತನ್ನೂ 50 ಗಂಟೆಯ ಲೆಕ್ಕಕ್ಕೆ ಹಿಡಿದರೆ ಖಜಾನೆಗೆ ಭಾರವಾಗದು. ಪ್ರಾಥಮಿಕ ಶಾಲೆಯವರ ಕ್ಲಸ್ಟರ್ ಸಮಾಲೋಚನಾ ಸಭೆಯ ಮಾದರಿ ಹೇಗೂ ಇದೆ. ಅದು ಸುತ್ತೋಲೆ ಓದುವ ಸಭೆಯಾಗದಂತೆ ನೋಡಿಕೊಂಡರೆ ಸಾಕು.

ಮೂರನೆಯದಕ್ಕೆ ಆದೇಶದಿಂದ ಮದ್ದಿಲ್ಲ. ಹೋಶಂಗಾಬಾದಿನ ಪಾಠವೇ ಇದು: ಆದೇಶದಿಂದ ನಡೆಯುವುದು ಆದೇಶದಿಂದಲೇ ನಿಲ್ಲುತ್ತದೆ, ಸ್ನೇಹದಿಂದ ಬೆಳೆದದ್ದನ್ನು ರದ್ದು ಮಾಡುವ ಕಡತ ಇನ್ನೂ ತಯಾರಾಗಿಲ್ಲ. ಆರಂಭಕ್ಕೆ ಸಭಾಂಗಣ ಬೇಡ, ಉದ್ಘಾಟನೆ ಬೇಡ. ಮುಂದಿನ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ, ಮಗು ಹೀಗೇಕೆ ಬರೆಯಿತು ಎಂದು ತಿಳಿಯದ ಮೂರು ತಪ್ಪುಗಳನ್ನು ಬೇರೆ ತೆಗೆದಿಟ್ಟರಾಯಿತು. ಪಕ್ಕದ ಶಾಲೆಯ ಗಣಿತದ ಮೇಷ್ಟ್ರ ಹೆಸರೇನು ಎಂದು ವಿಚಾರಿಸಿಕೊಂಡು ಒಂದು ಸಂಜೆ ಅವನ್ನು ಕೈಯಲ್ಲಿ ಹಿಡಿದು ಹೋದರಾಯಿತು. ಬಂದವರು ತನಿಖೆಯವರಲ್ಲ ಎಂದು ಬಾಗಿಲಲ್ಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಕಾಫಿ ತಾನಾಗಿಯೇ ಬರುತ್ತದೆ.